ದೀಪ ಆರಿಸುವ ಮೊದಲು ನೋಡಬೇಕಾದ ಲೆಕ್ಕ

ಮನೆಯ ಖರ್ಚನ್ನು ತಗ್ಗಿಸುವುದು ಹೇಗೆಂದು ಕೇಳಿಕೊಂಡು ಬರುವ ಕುಟುಂಬಗಳಿಗೆ ನಾನು ಮೊದಲ ಭೇಟಿಯಲ್ಲಿ ಯಾವ ಸಲಹೆಯನ್ನೂ ಕೊಡುವುದಿಲ್ಲ. ಹಿಂದಿನ ಮೂರು ತಿಂಗಳ ಬ್ಯಾಂಕ್ ಖಾತೆಯ ವಿವರ, ಕ್ರೆಡಿಟ್ ಕಾರ್ಡ್ ಬಿಲ್ಲು ಮತ್ತು ವಿದ್ಯುತ್ ಬಿಲ್ಲುಗಳನ್ನು ತರುವಂತೆ ಹೇಳಿ ಕಳುಹಿಸುತ್ತೇನೆ. ಇದರಿಂದ ಕೆಲವರಿಗೆ ಬೇಸರವಾಗುತ್ತದೆ, ಏಕೆಂದರೆ ಅವರು ಅದಾಗಲೇ ಮನೆಯಲ್ಲಿ ಹತ್ತಾರು ಕಟ್ಟುಪಾಡುಗಳನ್ನು ಮಾಡಿಕೊಂಡು, ಮಕ್ಕಳನ್ನೂ ಹಿರಿಯರನ್ನೂ ಗದರಿಸಿ, ಕೋಣೆ ಕೋಣೆಗೆ ಹೋಗಿ ದೀಪ ಆರಿಸಿ ದಣಿದಿರುತ್ತಾರೆ. ಆದರೂ ತಿಂಗಳ ಕೊನೆಗೆ ಕೈ ಬರಿದಾಗುವುದು ತಪ್ಪಿರುವುದಿಲ್ಲ. ಖಾತೆಯ ವಿವರವನ್ನು ಸಾಲು ಸಾಲಾಗಿ ಓದುತ್ತಾ ಹೋದರೆ ಕಾರಣ ತಾನಾಗಿಯೇ ಕಾಣಿಸುತ್ತದೆ. ಮನೆಯವರು ಕಣ್ಣಿಟ್ಟು ಕಾಯುತ್ತಿರುವ ಖರ್ಚು ಸಾಮಾನ್ಯವಾಗಿ ಚಿಕ್ಕದಾಗಿರುತ್ತದೆ, ಒಮ್ಮೆ ಒಪ್ಪಿಕೊಂಡು ಮರೆತ ಖರ್ಚು ದೊಡ್ಡದಾಗಿರುತ್ತದೆ.

ದಿನವೂ ಮನಸ್ಸನ್ನು ಬಿಗಿಹಿಡಿದು ಮಾಡುವ ಉಳಿತಾಯ ಹೆಚ್ಚು ಕಾಲ ನಡೆಯುವುದಿಲ್ಲವೆಂಬುದು ನನ್ನ ಅನುಭವ. ಒಂದು ಸಂಜೆ ಎಲ್ಲರೂ ಕುಳಿತು ನಿರ್ಧರಿಸಿ, ಆಮೇಲೆ ಯಾರೂ ಅದರ ಬಗ್ಗೆ ಯೋಚಿಸದಿದ್ದರೂ ನಡೆದುಕೊಂಡು ಹೋಗುವ ಉಳಿತಾಯವೇ ವರ್ಷಗಟ್ಟಲೆ ಉಳಿಯುತ್ತದೆ. ಹೀಗಾಗಿ ಎಲ್ಲಿಂದ ಆರಂಭಿಸಬೇಕೆಂಬ ಕ್ರಮವು ಬಹಳ ಮುಖ್ಯ.

ಮೊದಲು ನೋಡಬೇಕಾದದ್ದು ಸಾಲದ ಬಡ್ಡಿಯನ್ನು, ಅದರಲ್ಲೂ ಕ್ರೆಡಿಟ್ ಕಾರ್ಡಿನ ಬಾಕಿಯನ್ನು. ತಿಂಗಳಿಗೆ ಶೇ. 3ರಷ್ಟು ಬಡ್ಡಿ ಎಂದರೆ ವರ್ಷಕ್ಕೆ ಶೇ. 36 ಎಂದು ಹಲವರು ಲೆಕ್ಕ ಹಾಕುತ್ತಾರೆ. ಬಡ್ಡಿಯ ಮೇಲೆ ಬಡ್ಡಿ ಸೇರುವುದರಿಂದ ಅದು ನಿಜವಾಗಿ ಶೇ. 42.6 ಆಗುತ್ತದೆ. ಇದಕ್ಕಿಂತ ಮೋಸದ್ದೆಂದರೆ ಬಿಲ್ಲಿನಲ್ಲಿ ಅಚ್ಚಾಗಿರುವ ‘ಕನಿಷ್ಠ ಪಾವತಿ’ ಎಂಬ ಸಾಲು. ಬಾಕಿ 100 ಇದೆ, ಬಡ್ಡಿ ತಿಂಗಳಿಗೆ ಶೇ. 3, ಪ್ರತಿ ತಿಂಗಳೂ ಬಡ್ಡಿ ಸೇರಿದ ಬಾಕಿಯ ಶೇ. 5ರಷ್ಟನ್ನು ಮಾತ್ರ ಕಟ್ಟುತ್ತಿದ್ದೀರಿ ಮತ್ತು ಹೊಸದಾಗಿ ಏನನ್ನೂ ಕೊಳ್ಳುತ್ತಿಲ್ಲ ಎಂದಿಟ್ಟುಕೊಳ್ಳಿ. 32 ತಿಂಗಳು ಒಂದೂ ಕಂತು ತಪ್ಪಿಸದೆ ಕಟ್ಟಿದ ಮೇಲೆ ನೀವು ಕಟ್ಟಿರುವ ಒಟ್ಟು ಮೊತ್ತ ಸುಮಾರು 120 ಆಗಿರುತ್ತದೆ, ಆಗಲೂ ಬಾಕಿ ಸುಮಾರು 50 ಉಳಿದಿರುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ, ಬಿಲ್ಲನ್ನು ಸರಿಯಾದ ದಿನಕ್ಕೇ ಕಟ್ಟುತ್ತಿದ್ದೇವೆಂಬ ನೆಮ್ಮದಿಯಲ್ಲಿದ್ದವರು ಸ್ವಲ್ಪ ಹೊತ್ತು ಮಾತನಾಡುವುದಿಲ್ಲ.

ಇಂಥ ಬಾಕಿಯನ್ನು ಇಟ್ಟುಕೊಂಡೇ ಇನ್ನೊಂದು ಕಡೆ ವರ್ಷಕ್ಕೆ ಶೇ. 4ರಷ್ಟು ಬಡ್ಡಿ ಬರುವ ಖಾತೆಯಲ್ಲಿ ಹಣ ಕೂಡಿಡುವ ಮನೆಗಳು ಅಪರೂಪವೇನಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಹ ಸ್ಥಿತಿ ಇದು. ತುರ್ತಿಗೆ ಬೇಕಾಗುವಷ್ಟನ್ನು ಮಾತ್ರ ಕೈಯಲ್ಲಿರಿಸಿಕೊಂಡು ಉಳಿದದ್ದರಿಂದ ಆ ಬಾಕಿಯನ್ನು ತೀರಿಸಿದರೆ, ಬೇರಾವ ಠೇವಣಿಯೂ ಕೊಡಲಾರದಷ್ಟು ಲಾಭ ಅದೊಂದೇ ಕೆಲಸದಿಂದ ಬರುತ್ತದೆ. ಹಲವು ಸಾಲಗಳಿದ್ದರೆ ಬಡ್ಡಿ ದರ ಹೆಚ್ಚಿರುವುದನ್ನು ಮೊದಲು ತೀರಿಸುವುದು ಲೆಕ್ಕಕ್ಕೆ ಸರಿ. ಒಂದಾದರೂ ಸಾಲ ಬೇಗ ಮುಗಿದರೆ ಉತ್ಸಾಹ ಬರುತ್ತದೆ ಎಂದು ಮೊತ್ತ ಚಿಕ್ಕದಿರುವುದನ್ನು ಮೊದಲು ಮುಗಿಸುವವರಿದ್ದಾರೆ. ಅವರನ್ನು ನಾನು ತಡೆಯುವುದಿಲ್ಲ, ಅದರಿಂದಾಗುವ ನಷ್ಟ ಎಷ್ಟೆಂಬುದನ್ನು ಮಾತ್ರ ತಿಳಿಸುತ್ತೇನೆ.

ಖಾತೆಯಿಂದ ತಾನಾಗಿಯೇ ಕಡಿತವಾಗುವ ಮೊತ್ತಗಳು ಎರಡನೆಯವು. ಯಾರೂ ತೆರೆಯದ ಆ್ಯಪ್‌ಗಳ ಚಂದಾ, ಉಚಿತ ಅವಧಿ ಮುಗಿದ ಮೇಲೂ ಮುಂದುವರಿದ ಸೇವೆ, ಮನೆಯ ಇಬ್ಬರು ಬೇರೆ ಬೇರೆಯಾಗಿ ಕಟ್ಟುತ್ತಿರುವ ಒಂದೇ ಸೇವೆ, ಇವೆಲ್ಲವನ್ನೂ ಪಟ್ಟಿ ಮಾಡಿ ನಿಲ್ಲಿಸಲು ಒಂದು ಗಂಟೆ ಸಾಕು.

ಇನ್ನು ವಿದ್ಯುತ್ತಿನ ವಿಷಯಕ್ಕೆ ಬರೋಣ. ದೀಪ ಆರಿಸುವ ಅಭ್ಯಾಸ ಒಳ್ಳೆಯದೇ, ಆದರೆ ಅದರ ತೂಕ ಎಷ್ಟೆಂಬುದು ತಿಳಿದಿರಬೇಕು. 1,000 ವ್ಯಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್ ಖರ್ಚಾಗುತ್ತದೆ. 60 ವ್ಯಾಟ್‌ನ ಹಳೆಯ ತಂತಿಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ವರ್ಷಕ್ಕೆ ಸುಮಾರು 110 ಯೂನಿಟ್ ತಿನ್ನುತ್ತದೆ. ಹೆಚ್ಚು ಕಡಿಮೆ ಅಷ್ಟೇ ಬೆಳಕು ಕೊಡುವ 9 ವ್ಯಾಟ್‌ನ ಎಲ್‌ಇಡಿ ಬಲ್ಬಿಗೆ 16 ಯೂನಿಟ್ ಸಾಕು. ಬಲ್ಬು ಬದಲಿಸುವುದು ಒಂದು ಸಲದ ಕೆಲಸ, ಅದನ್ನು ಮಾಡಿದ ಮೇಲೆ ದೀಪದ ಬಗ್ಗೆ ಜಗಳವಾಡುವಷ್ಟು ಹಣ ಅಲ್ಲಿ ಉಳಿದಿರುವುದಿಲ್ಲ.

ಹಣ ಹೋಗುವುದು ಬೆಳಕಿಗಲ್ಲ, ಬಿಸಿಗೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು. ಆ ಪ್ರಕಾರ 20 ಲೀಟರ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು ಅರ್ಧ ಯೂನಿಟ್‌ಗೆ ಸ್ವಲ್ಪ ಕಡಿಮೆ ವಿದ್ಯುತ್ ತಗಲುತ್ತದೆ. ಅಷ್ಟರಲ್ಲಿ ಮೇಲೆ ಹೇಳಿದ ಎಲ್‌ಇಡಿ ಬಲ್ಬು ಎರಡು ಹಗಲು ಎರಡು ರಾತ್ರಿ ಒಂದೇ ಸಮನೆ ಉರಿಯಬಲ್ಲದು. ಸ್ನಾನಕ್ಕೆ ಬಳಸುವ ಬಿಸಿನೀರಿನಲ್ಲಿ ಐದು ಲೀಟರ್ ಕಡಿಮೆಯಾದರೆ ಆಗುವ ಉಳಿತಾಯ, ಅರ್ಧ ದಿನ ದೀಪ ಆರಿಸಿದ್ದಕ್ಕೆ ಸಮ. ನೀರನ್ನು ಸಂಗ್ರಹಿಸಿಡುವ ಗೀಸರ್ ಆದರೆ, ಯಾರೂ ಬಳಸದಿದ್ದರೂ ಒಳಗಿನ ನೀರು ನಿಧಾನವಾಗಿ ಆರುತ್ತಾ, ಯಂತ್ರ ಮತ್ತೆ ಮತ್ತೆ ಅದನ್ನು ಕಾಯಿಸುತ್ತಲೇ ಇರುತ್ತದೆ. ಸ್ನಾನಕ್ಕೆ ಸ್ವಲ್ಪ ಮೊದಲು ಹಾಕಿ, ಮುಗಿದೊಡನೆ ಆರಿಸುವ ಮನೆಗೂ ದಿನವಿಡೀ ಹಾಕಿಡುವ ಮನೆಗೂ ಇರುವ ಅಂತರ ಬಿಲ್ಲಿನಲ್ಲಿ ಕಾಣಿಸುತ್ತದೆ.

ಒಲೆಯ ಮೇಲೂ ಇದೇ ಮಾತು. ನೀರು ಕುದಿಯಲು ಆರಂಭಿಸಿದ ಮೇಲೆ ಉರಿಯನ್ನು ಎಷ್ಟೇ ಹೆಚ್ಚಿಸಿದರೂ ತೆರೆದ ಪಾತ್ರೆಯಲ್ಲಿ ಅದರ ಉಷ್ಣತೆ ಸುಮಾರು 100 ಡಿಗ್ರಿಯನ್ನು ದಾಟುವುದಿಲ್ಲ. ಹೆಚ್ಚಿದ ಉರಿಯೆಲ್ಲ ಆವಿಯಾಗಿ ಹೋಗುತ್ತದೆ, ಅಡುಗೆಯೇನೂ ಬೇಗ ಆಗುವುದಿಲ್ಲ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ತರಲು ಬೇಕಾದ ಶಕ್ತಿಯ ಏಳು ಪಟ್ಟು ಶಕ್ತಿ ಅದೇ ನೀರನ್ನು ಪೂರ್ತಿ ಆವಿ ಮಾಡಲು ಬೇಕು. ಹೀಗಾಗಿ ಮುಚ್ಚಳ ಮುಚ್ಚುವುದು ಮತ್ತು ಕುದಿ ಬಂದೊಡನೆ ಉರಿ ತಗ್ಗಿಸುವುದು ಎಂಬ ಹಳೆಯ ಬುದ್ಧಿಮಾತಿನ ಹಿಂದೆ ದೊಡ್ಡ ಲೆಕ್ಕವೇ ಇದೆ. ಪ್ರೆಶರ್ ಕುಕ್ಕರಿನೊಳಗೆ ಒತ್ತಡದಿಂದಾಗಿ ನೀರಿನ ಉಷ್ಣತೆ 120 ಡಿಗ್ರಿಯ ಹತ್ತಿರಕ್ಕೆ ಏರುವುದರಿಂದ ಸಮಯವೂ ಇಂಧನವೂ ಉಳಿಯುತ್ತವೆ.

ಸ್ವಿಚ್ ಹಾಕಿಯೇ ಬಿಟ್ಟಿರುವ ಉಪಕರಣಗಳ ಬಗ್ಗೆಯೂ ಹಲವರು ಕೇಳುತ್ತಾರೆ. ಸುಮ್ಮನೆ ನಿಂತಿರುವಾಗಲೂ 5 ವ್ಯಾಟ್ ಎಳೆಯುವ ಸಾಧನವೊಂದು ವರ್ಷಕ್ಕೆ ಸುಮಾರು 44 ಯೂನಿಟ್ ಬಳಸುತ್ತದೆ. ಇದನ್ನು 1 ವ್ಯಾಟ್‌ಗೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು 1999ರಲ್ಲೇ ಪ್ರಸ್ತಾಪಿಸಿತ್ತು; ಹೊಸ ಸಾಧನಗಳಲ್ಲಿ ಈ ಸಮಸ್ಯೆ ಕಡಿಮೆ. ಹಳೆಯವಿದ್ದರೆ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಿ, ರಾತ್ರಿ ಒಂದೇ ಸ್ವಿಚ್ ಆರಿಸಿದರಾಯಿತು.

ಖರೀದಿಯಲ್ಲಿ ನಾನು ಒತ್ತಿ ಹೇಳುವುದು ಒಂದನ್ನೇ: ಪೊಟ್ಟಣದ ಬೆಲೆಯನ್ನಲ್ಲ, ಕಿಲೋ ಅಥವಾ ಲೀಟರಿನ ಬೆಲೆಯನ್ನು ನೋಡಿ. ದೊಡ್ಡ ಪೊಟ್ಟಣವೇ ಅಗ್ಗವೆಂಬ ನಿಯಮವೇನಿಲ್ಲ. ಬೆಲೆಯನ್ನು ಹಾಗೆಯೇ ಉಳಿಸಿ 500 ಗ್ರಾಮನ್ನು 450 ಗ್ರಾಮಿಗೆ ಇಳಿಸಿದರೆ ಬೆಲೆ ಶೇ. 11ರಷ್ಟು ಏರಿದಂತೆ, ಆದರೆ ಅಂಗಡಿಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ತಂದದ್ದರಲ್ಲಿ ಕಾಲು ಭಾಗ ಕೆಟ್ಟುಹೋದರೆ ರಿಯಾಯಿತಿಯೂ ಅದರೊಂದಿಗೆ ಹೋಗುತ್ತದೆ. ಆದಾಯ ಕಡಿಮೆಯಾದಷ್ಟೂ ಅದರಲ್ಲಿ ಆಹಾರಕ್ಕೆ ಹೋಗುವ ಪಾಲು ಹೆಚ್ಚುತ್ತದೆಂದು ಅಂಕಿಅಂಶ ತಜ್ಞ ಅರ್ನ್‌ಸ್ಟ್ ಎಂಗೆಲ್ 1857ರಲ್ಲಿ ತೋರಿಸಿದರು. ಆದ್ದರಿಂದ ಬಿಗಿ ಆದಾಯದ ಮನೆಗೆ ಅಡುಗೆಮನೆಯ ಕಸದ ಬುಟ್ಟಿಯೂ ಒಂದು ಲೆಕ್ಕದ ಪುಸ್ತಕವೇ. ಇನ್ನು ಹನಿಗೂಡಿ ಹಳ್ಳವೆಂಬ ಗಾದೆ ಸೋರುವ ನಲ್ಲಿಗೂ ಅನ್ವಯಿಸುತ್ತದೆ. ಸೆಕೆಂಡಿಗೊಂದರಂತೆ ಬೀಳುವ ಹನಿಯನ್ನು ಕಾಲು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ 21 ಲೀಟರಿಗೂ ಹೆಚ್ಚು ನೀರು ಹೋಗುತ್ತದೆ, ಮತ್ತು ಅದು ಬಿಸಿನೀರಿನ ನಲ್ಲಿಯಾಗಿದ್ದರೆ ನೀರಿನ ಜೊತೆಗೆ ವಿದ್ಯುತ್ತೂ ಸೋರುತ್ತದೆ. ರಿಪೇರಿಯ ಖರ್ಚನ್ನು ಉಳಿಸಲು ಹೋಗುವುದು ಉಳಿತಾಯವೆನಿಸದು.

ಇಷ್ಟರಿಂದ ಮಿಕ್ಕಿದ ಹಣವನ್ನು ಖಾತೆಯಲ್ಲೇ ಬಿಟ್ಟರೆ ಅದು ಇನ್ನಾವುದೋ ದಾರಿಯಲ್ಲಿ ಹೋಗಿಬಿಡುತ್ತದೆ. ಸಂಬಳ ಬಂದ ಮರುದಿನವೇ ಗೊತ್ತಾದ ಮೊತ್ತ ಬೇರೆ ಖಾತೆಗೆ ತಾನಾಗಿ ವರ್ಗಾವಣೆಯಾಗುವಂತೆ ಮಾಡಬೇಕು. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದಿನ ಪ್ರತಿ ಸಂಬಳ ಏರಿಕೆಯ ಒಂದು ಪಾಲನ್ನು ಉಳಿತಾಯಕ್ಕೆ ಕೊಡುವುದಾಗಿ ಮುಂಚಿತವಾಗಿಯೇ ಒಪ್ಪಿಕೊಂಡ ನೌಕರರ ಉಳಿತಾಯದ ಸರಾಸರಿ ದರ 40 ತಿಂಗಳಲ್ಲಿ ಶೇ. 3.5ರಿಂದ ಶೇ. 13.6ಕ್ಕೆ ಏರಿತು. ಕೈಗೆ ಬರುವ ಸಂಬಳ ಎಂದೂ ಇಳಿಯದ ಕಾರಣ ಅವರಿಗೆ ಕಳೆದುಕೊಂಡ ಭಾವನೆ ಬರುವುದಿಲ್ಲ. ಮನೆಯಲ್ಲಿಯೂ ಇದನ್ನೇ ಮಾಡಬಹುದು: ಸಾಲದ ಕಂತೊಂದು ಮುಗಿದ ತಿಂಗಳಿನಿಂದ ಅದೇ ಮೊತ್ತ ಅದೇ ದಿನಾಂಕಕ್ಕೆ ಉಳಿತಾಯದ ಖಾತೆಗೆ ಹೋಗಲಿ.

ಲೆಕ್ಕದ ಪುಸ್ತಕವನ್ನು ಎಷ್ಟು ಕಾಲ ಬರೆಯಬೇಕೆಂದು ಎಲ್ಲರೂ ಕೇಳುತ್ತಾರೆ. ಮೂರು ತಿಂಗಳು ಪೈಸೆ ಪೈಸೆಯನ್ನೂ ಬರೆದರೆ ಮನೆಯ ರೂಢಿ ತಿಳಿಯುತ್ತದೆ, ಆಮೇಲೆ ಆರು ತಿಂಗಳಿಗೊಮ್ಮೆ ಖಾತೆಯ ವಿವರವನ್ನು ಓದಿದರೆ ಸಾಕು. ವರ್ಷಕ್ಕೊಮ್ಮೆ ಕಡಿತವಾಗುವ ಚಂದಾಗಳು ಮೂರು ತಿಂಗಳ ವಿವರದಲ್ಲಿ ಕಾಣಿಸದೆ ಹೋಗಬಹುದಾದ್ದರಿಂದ, ಒಂದು ಸಲವಾದರೂ ಹಿಂದಿನ 12 ತಿಂಗಳ ವಿವರವನ್ನು ತೆಗೆಸಿಕೊಂಡು ನೋಡಬೇಕು.