ತಟ್ಟನೆ ತೆರೆಯುವ ಚಾಕು ಕೊಳ್ಳುವ ಮುಂಚೆ ಮುಚ್ಚಿ ನೋಡಿ

ಓದುಗರ ಪ್ರಶ್ನೆ: ನನ್ನದು ಗೋದಾಮಿನ ಕೆಲಸ. ದಿನಕ್ಕೆ ಹತ್ತಿಪ್ಪತ್ತು ರಟ್ಟಿನ ಪೆಟ್ಟಿಗೆ ಬಿಚ್ಚಬೇಕು, ಪ್ಲಾಸ್ಟಿಕ್ ಪಟ್ಟಿ ಕತ್ತರಿಸಬೇಕು. ಒಂದು ಕೈಯಲ್ಲಿ ಯಾವಾಗಲೂ ಏನಾದರೂ ಹಿಡಿದಿರುತ್ತೇನೆ. ಸ್ವಲ್ಪ ತಳ್ಳಿದರೆ ಸ್ಪ್ರಿಂಗ್ ಬಲದಿಂದ ತೆರೆದುಕೊಳ್ಳುವ ಮಡಚು ಚಾಕು ಬರುತ್ತಲ್ಲ, ಅಸಿಸ್ಟೆಡ್ ಓಪನಿಂಗ್ ಅಂತಾರೆ, ಅದನ್ನು ತಗೊಳ್ಳೋಣ ಅಂತಿದ್ದೇನೆ. ನೋಡಿದರೆ ನೂರಾರು ಇವೆ. ಏನು ನೋಡಿ ಆರಿಸಬೇಕು? ಅಂದ ಹಾಗೆ, ನಾನು ಎಡಗೈಯವನು.

ಉತ್ತರ: ತಗೊಳ್ಳಿ, ಅಡ್ಡಿಯಿಲ್ಲ. ಆದರೆ ತೆರೆಯುವ ಚಂದಕ್ಕೆ ಮರುಳಾಗಬೇಡಿ. ಅಂಗಡಿಯಲ್ಲಿ ಎಲ್ಲರೂ ಮಾಡೋದು ಒಂದೇ. ಟಪ್ ಅಂತ ತೆರೀತಾರೆ, ಕಣ್ಣರಳಿಸ್ತಾರೆ, ದುಡ್ಡು ಕೊಡ್ತಾರೆ. ಯಾವ ಹೊಸ ಚಾಕುವಾದರೂ ಚೆನ್ನಾಗಿಯೇ ತೆರೆಯುತ್ತದೆ. ಅದು ಹೇಗೆ ಮುಚ್ಚುತ್ತದೆ, ಮುಚ್ಚಿದ ಮೇಲೆ ಮುಚ್ಚಿಯೇ ಇರುತ್ತದಾ ಅನ್ನುವುದರಲ್ಲೇ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇರೋದು.

ಯಾಕೆ ಅಂತ ತಿಳಿಯಬೇಕಾದರೆ ಒಳಗಿನ ಸ್ಪ್ರಿಂಗ್ ಏನು ಮಾಡುತ್ತದೆ ಅಂತ ಗೊತ್ತಿರಬೇಕು. ಬೈಕಿನ ಸೈಡ್ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಮೇಲಿದ್ದಾಗ ಸ್ಪ್ರಿಂಗ್ ಅದನ್ನು ಮೇಲಕ್ಕೇ ಎಳೆದು ಹಿಡಿದಿರುತ್ತದೆ. ಕಾಲಿನಿಂದ ಒಂದಷ್ಟು ದೂರ ತಳ್ಳಿದ ಮೇಲೆ ಅದೇ ಸ್ಪ್ರಿಂಗ್ ಅದನ್ನು ಕೆಳಕ್ಕೆ ಎಳೆದು ಟಕ್ಕಂತ ನಿಲ್ಲಿಸುತ್ತದೆ. ಈ ಚಾಕುವಿನದೂ ಅದೇ ಕಥೆ. ಮುಚ್ಚಿರುವಾಗ ಸ್ಪ್ರಿಂಗ್ ಅಲಗನ್ನು ಹಿಡಿಯೊಳಕ್ಕೆ ಒತ್ತಿಟ್ಟಿರುತ್ತದೆ. ನೀವು ಬೆರಳಿನಿಂದ ತಳ್ಳಿ, ಅಲಗು ಸುಮಾರು 30 ಡಿಗ್ರಿ ಹೊರಬಂದ ಮೇಲೆ ಎಳೆತದ ದಿಕ್ಕು ಬದಲಾಗುತ್ತದೆ. ಉಳಿದ ದಾರಿಯನ್ನು ಅಲಗು ತಾನೇ ಓಡಿ ಮುಗಿಸುತ್ತದೆ. ಕೆಲವು ಚಾಕುಗಳಲ್ಲಿ ಸುರುಳಿ ಸ್ಪ್ರಿಂಗ್ ಇರುತ್ತದೆ, ಕೆಲವದರಲ್ಲಿ ದಪ್ಪ ಸೂಜಿಯಂಥ ಒಂದು ಬಾಗಿದ ಉಕ್ಕಿನ ಕಡ್ಡಿ. ಕೆಲಸ ಒಂದೇ.

ಗುಂಡಿ ಒತ್ತಿದರೆ ಚಿಮ್ಮುವ ಸ್ವಿಚ್‌ಬ್ಲೇಡ್‌ಗೂ ಇದಕ್ಕೂ ಇರುವ ಫರಕು ಇಷ್ಟೇ. ಸ್ವಿಚ್‌ಬ್ಲೇಡ್‌ನಲ್ಲಿ ಸ್ಪ್ರಿಂಗ್ ಯಾವಾಗಲೂ ಹೊರಕ್ಕೇ ತಳ್ಳುತ್ತಿರುತ್ತದೆ, ಗುಂಡಿ ಅದನ್ನು ತಡೆದಿರುತ್ತದೆ. ಇಲ್ಲಿ ಮೊದಲ ತಳ್ಳು ನಿಮ್ಮದೇ ಆಗಬೇಕು. ಅಮೆರಿಕದಲ್ಲಿ 1958ರಲ್ಲೇ ಸ್ವಿಚ್‌ಬ್ಲೇಡ್ ವಿರುದ್ಧ ಕಾಯಿದೆ ಬಂದಿತ್ತು. 1990ರ ದಶಕದಲ್ಲಿ ಬ್ಲ್ಯಾಕಿ ಕಾಲಿನ್ಸ್, ಕೆನ್ ಆನಿಯನ್ ಎಂಬ ಇಬ್ಬರು ಚಾಕು ವಿನ್ಯಾಸಕರು ಬೇರೆ ಬೇರೆಯಾಗಿ ಈ ನಡುದಾರಿ ಕಂಡುಕೊಂಡರು. ಆನಿಯನ್ ಮಾಡಿದ್ದನ್ನು ಕೆರ್ಶಾ ಕಂಪನಿ ಸ್ಪೀಡ್‌ಸೇಫ್ ಅನ್ನುವ ಹೆಸರಲ್ಲಿ ಮಾರಿತು. 2009ರಲ್ಲಿ ಅಮೆರಿಕದ ಆ ಕಾಯಿದೆಗೇ ತಿದ್ದುಪಡಿ ಆಯಿತು. ಮುಚ್ಚುವ ಕಡೆಗೆ ಎಳೆತ ಇರುವ, ಕೈಯಿಂದ ಅಲಗನ್ನು ತಳ್ಳಿಯೇ ತೆರೆಯಬೇಕಾದ ಚಾಕು ಸ್ವಿಚ್‌ಬ್ಲೇಡ್ ಅಲ್ಲ ಅಂತ ಬರೆದರು. ನೋಡಿ, ಕಾನೂನು ಕೂಡ ಹಿಡಿದದ್ದು ಮುಚ್ಚುವ ಎಳೆತವನ್ನೇ.

ಹಾಗಂತ ಎಲ್ಲ ಕಡೆ ನಡೆಯುತ್ತದೆ ಅಂದುಕೊಳ್ಳಬೇಡಿ. ಅಮೆರಿಕದಲ್ಲೇ ರಾಜ್ಯಕ್ಕೊಂದು ನಿಯಮ. ಬ್ರಿಟನ್‌ನಲ್ಲಿ ಕಾರಣ ಕೊಡದೆ ಜೇಬಲ್ಲಿಟ್ಟುಕೊಳ್ಳಬಹುದಾದ್ದು ತೆರೆದ ಅಲಗು ಮಡಚದಂತೆ ಹಿಡಿಯುವ ಲಾಕ್ ಇಲ್ಲದ, 3 ಇಂಚಿಗಿಂತ ಉದ್ದ ಬಾಯಿ ಇಲ್ಲದ ಮಡಚು ಚಾಕು ಮಾತ್ರ. ಜೊತೆಗೆ 2019ರ ಕಾಯಿದೆ ಅಲ್ಲಿ ಅರ್ಧ ತೆರೆದ ಸ್ಥಿತಿಯಿಂದ ಸ್ಪ್ರಿಂಗ್ ಬಲದಲ್ಲಿ ತೆರೆಯುವ ಚಾಕುಗಳನ್ನೂ ನಿಷೇಧದೊಳಗೆ ತಂದಿತು. ಆದ್ದರಿಂದ ಆರ್ಡರ್ ಮಾಡುವ ಮೊದಲು ನಿಮ್ಮಲ್ಲಿನ ನಿಯಮ ಓದಿಕೊಳ್ಳಿ, ಗೋದಾಮಿನ ನಿಯಮವನ್ನೂ ಕೇಳಿಕೊಳ್ಳಿ. ವಿಮಾನದ ಕೈಚೀಲದಲ್ಲಂತೂ ಬೇಡವೇ ಬೇಡ.

ಈಗ ನನ್ನ ಪೆದ್ದತನದ ಕಥೆ.

ನನ್ನ ಹತ್ತಿರ ಇಂಥದ್ದೊಂದು ಚಾಕು ಎರಡು ವರ್ಷ ಇತ್ತು. ಒಂದು ಮಧ್ಯಾಹ್ನ ತೆರೆದಾಗ ಒಳಗೆ ಟಿಕ್ ಅಂತ ಸಣ್ಣ ಸದ್ದಾಯಿತು. ಅಲಗು ಅರ್ಧಕ್ಕೇ ನಿಂತಿತು. ಸ್ಪ್ರಿಂಗಿನ ಕಡ್ಡಿ ಮುರಿದಿದೆ ಅಂತ ಗೊತ್ತಾಯಿತು. ಇರಲಿ, ಇನ್ನು ಮೇಲೆ ಕೈಯಲ್ಲೇ ತೆರೆದರಾಯ್ತು ಅಂತ ಮಡಚಿ ಜೇಬಿಗೆ ಹಾಕಿಕೊಂಡೆ. ಸಂಜೆ ಬೀಗದ ಕೈಗೆ ಅಂತ ಜೇಬಿಗೆ ಕೈ ಹಾಕಿದೆ. ಉಂಗುರಬೆರಳಿನ ತುದಿ ಕೊಯ್ದುಹೋಯಿತು. ತೆರೆಯುವ ಸ್ಪ್ರಿಂಗೇ ಮುಚ್ಚಿ ಹಿಡಿಯುವ ಸ್ಪ್ರಿಂಗ್ ಕೂಡ ಅನ್ನುವುದು ಆಗ ಹೊಳೆಯಿತು. ಅದು ಹೋದರೆ ಚಾಕು ನಿಧಾನವಾಗುವುದಷ್ಟೇ ಅಲ್ಲ, ಮುಚ್ಚಿರಬೇಕು ಅನ್ನುವುದನ್ನೇ ಮರೆತುಬಿಡುತ್ತದೆ. ಅಲಗು ತಾನಾಗಿ ಎರಡು ಬೆರಳಗಲ ಹೊರಬಂದು ಕೂತಿತ್ತು.

ಹಾಗಾಗಿ ಕೊಳ್ಳುವಾಗ ಮೊದಲು ಮಾಡಬೇಕಾದ ಕೆಲಸ: ಚಾಕು ಮುಚ್ಚಿ, ಮೊನೆ ಇರುವ ಕಡೆ ಕೆಳಗೆ ಮಾಡಿ, ಆಮೇಲೆ ಮೇಲೆ ಮಾಡಿ, ಜೋರಾಗಿ ಕೊಡವಿ. ಅಲಗು ಅಳ್ಳಾಡಲೂ ಬಾರದು. ಬೆರಳಿನಿಂದ ತಳ್ಳಲು ಶುರು ಮಾಡಿದಾಗ ಒಂದು ಗಟ್ಟಿ ತಡೆ ಸಿಗಬೇಕು. ಮುಟ್ಟಿದರೆ ಹಾರುವಂಥದ್ದು ಜೇಬಿಗೆ ಆಗಿಬರುವುದಿಲ್ಲ. ಇನ್ನು ಕೆಲವದರಲ್ಲಿ ಪ್ರತ್ಯೇಕ ಸೇಫ್ಟಿ ಇರುತ್ತದೆ. ಕೆರ್ಶಾದ ಲೀಕ್ ಅನ್ನುವ ಮಾದರಿಯಲ್ಲಿ ಹಿಡಿಯ ಬುಡದಲ್ಲಿ ಒಂದು ಪುಟ್ಟ ಜಾರುಗುಂಡಿ ಇದೆ, ಅದನ್ನು ಸರಿಸಿದರೆ ಮಡಚಿದ ಅಲಗಿನ ಮೊನೆಯೇ ಸಿಕ್ಕಿಕೊಂಡು ನಿಲ್ಲುತ್ತದೆ. ದಿನವೂ ಸರಿಸುವ ತಾಳ್ಮೆ ಯಾರಿಗಿದೆ ಅಂತ ಕೇಳಬಹುದು. ನನಗೂ ಇರಲಿಲ್ಲ. ಬೆರಳು ಕೊಯ್ದ ಮೇಲೆ ಬಂತು.

ಎರಡನೆಯದು ಮುಚ್ಚುವ ಕ್ರಮ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಕೈಗೆ ಗಾಯ ಆಗೋದು ಹೆಚ್ಚಾಗಿ ಇಲ್ಲೇ.

ಇಂಥ ಚಾಕುಗಳಲ್ಲಿ ಬಹುಪಾಲು ಲೈನರ್ ಲಾಕ್ ಇರುತ್ತದೆ. ಹಿಡಿಯೊಳಗಿನ ಒಂದು ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆತುಕೊಂಡು ನಿಲ್ಲುತ್ತದೆ. ಮುಚ್ಚಬೇಕಾದರೆ ಹೆಬ್ಬೆರಳಿನಿಂದ ಆ ತಗಡನ್ನು ಪಕ್ಕಕ್ಕೆ ತಳ್ಳಬೇಕು. ಆಗ ಹೆಬ್ಬೆರಳು ಇರೋದು ಎಲ್ಲಿ? ಅಲಗು ಬಂದು ಕೂರುವ ಸಂದಿಯ ಬಾಯಲ್ಲೇ. ಸಾದಾ ಚಾಕುವಿನಲ್ಲಿ ಇದು ಅಷ್ಟೇನೂ ಕಷ್ಟವಲ್ಲ, ಅಲಗು ನೀವು ತಳ್ಳಿದಷ್ಟೇ ಬರುತ್ತದೆ. ಸ್ಪ್ರಿಂಗ್ ಇರುವ ಚಾಕು ಹಾಗಲ್ಲ. ಮುಕ್ಕಾಲು ದಾರಿ ಅದು ನಿಮ್ಮ ವಿರುದ್ಧ ಒತ್ತುತ್ತಿರುತ್ತದೆ, ನೀವೂ ಬಲ ಹಾಕಿ ತಳ್ಳುತ್ತಿರುತ್ತೀರಿ. ಆ 30 ಡಿಗ್ರಿ ಗೆರೆ ದಾಟಿದ ಕೂಡಲೇ ವಿರೋಧ ಮಾಯ. ಉಲ್ಟಾ, ಸ್ಪ್ರಿಂಗೂ ಈಗ ಒಳಕ್ಕೇ ಎಳೆಯುತ್ತದೆ. ನಿಮ್ಮ ಬಲ, ಅದರ ಬಲ ಎರಡೂ ಸೇರಿ ಅಲಗು ಫಟ್ ಅಂತ ಒಳಗೆ. ಬೆರಳು ಅಲ್ಲಿದ್ದರೆ ಮುಗೀತು.

ಕ್ರಮ ಹೀಗಿರಲಿ. ಲಾಕ್ ಬಿಡಿಸಿ, ಅಲಗನ್ನು ಸ್ವಲ್ಪವೇ ಬಗ್ಗಿಸಿ, ಅಲ್ಲೇ ಹಿಡಿದುಕೊಂಡು ಹೆಬ್ಬೆರಳನ್ನು ಸಂದಿಯಿಂದ ತೆಗೆದು ಹಿಡಿಯ ಪಕ್ಕಕ್ಕೆ ಇಡಿ. ಎಲ್ಲ ಬೆರಳೂ ಸಂದಿಯ ಆಚೆ ಇವೆ ಅಂತ ಕಣ್ಣಾರೆ ನೋಡಿ. ಆಮೇಲೆ ಇನ್ನೊಂದು ಅಂಗೈಯಿಂದ ಅಲಗಿನ ಬೆನ್ನು ಒತ್ತಿ. ಒಂದೇ ಕೈಯಲ್ಲಿ ತೆರೆಯಿರಿ, ಮುಚ್ಚೋದಕ್ಕೆ ಮಾತ್ರ ಎರಡು ಕೈ ಬಿಡುವು ಮಾಡಿಕೊಳ್ಳಿ. ಪೆಟ್ಟಿಗೆ ಕೆಳಗಿಟ್ಟರೆ ಏನೂ ಮುಳುಗೋದಿಲ್ಲ, ಅಲ್ವಾ?

ನೀವು ಎಡಗೈಯವರು ಅಂದಿರಿ. ಲೈನರ್ ಲಾಕ್ ಆಗಲಿ, ಹಿಡಿಯ ಒಂದು ಮಗ್ಗುಲೇ ಲಾಕ್ ಆಗಿ ಕೆಲಸ ಮಾಡುವ ಫ್ರೇಮ್ ಲಾಕ್ ಆಗಲಿ, ಸಾಮಾನ್ಯವಾಗಿ ಬಲಗೈ ಹೆಬ್ಬೆರಳಿಗೆ ಹೊಂದುವಂತೆ ಮಾಡಿರುತ್ತಾರೆ. ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳು ತಲುಪದು, ತೋರುಬೆರಳಿನಿಂದ ಎಳೆಯಬೇಕಾಗುತ್ತದೆ. ನಿಮಗೆ ಅಡ್ಡಕಡ್ಡಿ ಲಾಕ್ ಒಳ್ಳೆಯದು. ಬೆಂಚ್‌ಮೇಡ್ ಕಂಪನಿ ಇದನ್ನು ಆಕ್ಸಿಸ್ ಅಂತ ಕರೆಯುತ್ತದೆ, ಈಗ ಬೇರೆಯವರೂ ಮಾಡುತ್ತಾರೆ. ಹಿಡಿಯ ಎರಡೂ ಮಗ್ಗುಲಲ್ಲಿ ಪುಟ್ಟ ಗುಬುಟು ಇರುತ್ತದೆ. ಅದನ್ನು ಹಿಂದಕ್ಕೆ ಎಳೆದರೆ ಲಾಕ್ ಬಿಡುತ್ತದೆ. ಎರಡೂ ಕೈಗೆ ಸಮ. ಲಾಕ್ ಬಿಡಿಸುವಾಗ ಬೆರಳು ಅಲಗಿನ ದಾರಿಯಲ್ಲಿ ಇರುವುದೇ ಇಲ್ಲ. ನನ್ನ ಪ್ರಕಾರ ಬಲಗೈಯವರಿಗೂ ಇದೇ ವಾಸಿ. ಜೇಬಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ ಕೂಡ ಎರಡೂ ಬದಿಗೆ ಬದಲಾಯಿಸಲು ಬರುತ್ತದಾ ನೋಡಿಕೊಳ್ಳಿ.

ತೆರೆಯೋದಕ್ಕೆ ಎರಡು ಬಗೆ. ಅಲಗಿನ ಪಕ್ಕದಲ್ಲಿ ಹೆಬ್ಬೆರಳಿಗೆ ಅಂತ ಒಂದು ಮೊಳೆಯಂಥ ಗುಂಡಿ, ಇಲ್ಲವೇ ಹಿಡಿಯ ಬೆನ್ನಿನಿಂದ ಇಣುಕುವ ಫ್ಲಿಪ್ಪರ್ ಎಂಬ ಕಿವಿ. ಗ್ಲೌಸ್ ಹಾಕಿ ಕೆಲಸ ಮಾಡುವವರಿಗೆ ಫ್ಲಿಪ್ಪರ್ ಸಲೀಸು. ಅದಕ್ಕೆ ಇನ್ನೊಂದು ಗುಣವಿದೆ. ತೆರೆದ ಮೇಲೆ ಆ ಕಿವಿ ಕೆಳಗೆ ಬಂದು ತೋರುಬೆರಳಿನ ಮುಂದೆ ಗೋಡೆಯಂತೆ ನಿಲ್ಲುತ್ತದೆ, ಕೈ ಜಾರಿ ಬಾಯಿಯ ಮೇಲೆ ಹೋಗೋದಿಲ್ಲ. ಆದರೆ ಜೇಬಲ್ಲಿ ಏನಾದರೂ ತಗುಲಿದರೆ ಹೊರಚಾಚಿದ ಕಿವಿಯೇ ಮೊದಲು ತಗುಲೋದು. ಅದಕ್ಕೇ ಬೀಗದ ಕೈ, ಚಿಲ್ಲರೆ, ಚಾಕು ಒಂದೇ ಜೇಬಿನಲ್ಲಿ ಬೇಡ.

ಕ್ಲಿಪ್ ವಿಷಯಕ್ಕೆ ಬಂದರೆ, 1981ರಲ್ಲಿ ಸ್ಪೈಡರ್ಕೊ ಕಂಪನಿ ಮಡಚು ಚಾಕುವಿಗೆ ಕ್ಲಿಪ್ ಹಾಕಿ ಮಾರಿತು. ಇವತ್ತು ಅದಿಲ್ಲದ ಕೆಲಸದ ಚಾಕು ಸಿಗೋದೇ ಅಪರೂಪ. ಮೊನೆ ಮೇಲ್ಮುಖವಾಗಿ ಬರುವಂತೆ ಸಿಕ್ಕಿಸುವುದಾದರೆ ಅಲಗಿನ ಬೆನ್ನು ಜೇಬಿನ ಹಿಂದಿನ ಹೊಲಿಗೆಗೆ ಒತ್ತಿಕೊಂಡಿರಲಿ. ಅಕಸ್ಮಾತ್ ತೆರೆಯಲು ಹೊರಟರೂ ಬಟ್ಟೆಯೇ ತಡೆಯುತ್ತದೆ. ಜೇಬಿನ ನಟ್ಟನಡುವೆ ಸಿಕ್ಕಿಸಿದರೆ ಈ ಆಸರೆ ಇಲ್ಲ.

ಅಲಗು ಎಷ್ಟು ಉದ್ದ ಬೇಕು? 7ರಿಂದ 8 ಸೆಂಟಿಮೀಟರ್ ಧಾರಾಳ ಸಾಕು. ಇಡೀ ಚಾಕು 100 ಗ್ರಾಂ ದಾಟಿದರೆ ಒಂದು ವಾರದಲ್ಲಿ ಜೇಬಿನಿಂದ ಮೇಜಿನ ಖಾನೆಗೆ ಹೋಗುತ್ತದೆ. ಉದ್ದಕ್ಕಿಂತ ದಪ್ಪ ಮುಖ್ಯ. ರಟ್ಟು ಕೊಯ್ಯುವುದು ಅಂದರೆ ಅಲಗನ್ನು ಒಂದು ಇಕ್ಕಟ್ಟಾದ ಸಂದಿಯಲ್ಲಿ ಎಳೆದ ಹಾಗೆ. ಬಾಯಿ ಎಷ್ಟೇ ಹರಿತ ಇರಲಿ, ಅದರ ಹಿಂದೆ ಉಕ್ಕು ದಪ್ಪಗಿದ್ದರೆ ರಟ್ಟಿನ ಎರಡೂ ಮಗ್ಗುಲು ಹಿಡಿದುಕೊಳ್ಳುತ್ತವೆ. ಬೆನ್ನು 2.5 ಮಿಲಿಮೀಟರ್ ಆಸುಪಾಸು, ಬಾಯಿಯ ಕಡೆಗೆ ತೆಳ್ಳಗೆ ಇಳಿದಿರುವ ಅಲಗು ನೋಡಿ. 4 ಮಿಲಿಮೀಟರ್ ದಪ್ಪದ, ಯುದ್ಧಕ್ಕೆ ಹೊರಟಂತೆ ಕಾಣುವ ಕಪ್ಪು ಚಾಕುಗಳಿವೆಯಲ್ಲ, ಫೋಟೋಗೆ ಚೆಂದ. ಅರ್ಧ ಬಾಯಿ ನೇರ, ಅರ್ಧ ಗರಗಸದ ಹಲ್ಲು ಇರುವುದೂ ನನಗೆ ಹಿಡಿಸದು. ಇರೋದೇ ಇಷ್ಟುದ್ದ, ಅದರಲ್ಲೂ ಪಾಲು ಯಾಕೆ? ಮೊನೆ ತೀರಾ ಸೂಜಿಯಂತಿದ್ದರೆ ಸ್ಟೇಪಲ್ ಪಿನ್ ಎಬ್ಬಿಸಲು ಹೋದ ದಿನವೇ ಮುರಿಯುತ್ತದೆ.

ಉಕ್ಕಿನ ಬಗ್ಗೆ ಜನ ತಲೆ ಕೆಡಿಸಿಕೊಳ್ಳೋದು ಜಾಸ್ತಿ. ಅಷ್ಟು ಬೇಡ. ರಟ್ಟು ಯಾವ ಉಕ್ಕನ್ನಾದರೂ ಮೊಂಡು ಮಾಡುತ್ತದೆ. ಸ್ವೀಡನ್ನಿನ 14ಸಿ28ಎನ್ ಎಂಬ ಉಕ್ಕಿಗೆ ತುಕ್ಕು ಹಿಡಿಯುವುದು ಕಡಿಮೆ, ಸಾಣೆ ಹಿಡಿಯೋದು ಸುಲಭ. ನನ್ನ ಓಟು ಅದಕ್ಕೆ. ಡಿ2 ಉಕ್ಕಿನ ಹರಿತ ಹೆಚ್ಚು ದಿನ ನಿಲ್ಲುತ್ತದೆ, ಆದರೆ ಬೆವರಿನ ಕೈಗೆ ಚುಕ್ಕಿ ಚುಕ್ಕಿ ತುಕ್ಕು ಬರುತ್ತದೆ, ಕಲ್ಲಿನ ಮೇಲೆ ತೋಳು ನೋಯುವಷ್ಟು ಉಜ್ಜಬೇಕು. ಉಕ್ಕು ಯಾವುದು ಅಂತ ಹೇಳದೆ ಸುಮ್ನೆ ಸ್ಟೇನ್‌ಲೆಸ್ ಅಂತಷ್ಟೇ ಬರೆದಿದ್ದರೆ ಬಿಟ್ಟುಬಿಡಿ.

ಕೈಗೆ ಬಂದ ಮೇಲೆ ಲಾಕ್ ಪರೀಕ್ಷೆ ಮಾಡಿ. ತೆರೆದ ಚಾಕುವಿನ ಹಿಡಿಯನ್ನು ಬೆರಳು ಸಂದಿಗೆ ಬಾರದಂತೆ ಎರಡು ಮಗ್ಗುಲಿಂದ ಹಿಡಿದು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿ. ಬಡಿಯಬೇಡಿ, ಒತ್ತಿದರೆ ಸಾಕು. ಲಾಕ್ ಒಂದು ಚೂರು ಜರುಗಿದರೂ ವಾಪಸ್ ಕಳಿಸಿ. ಸ್ಪ್ರಿಂಗ್ ಅಲಗನ್ನು ತೆರೆಯುತ್ತದೆ ಅಷ್ಟೇ, ಕತ್ತರಿಸುವಾಗ ತಡೆದು ನಿಲ್ಲಿಸೋದು ಲಾಕ್.

ಆರೈಕೆ ಹೆಚ್ಚಿಲ್ಲ. ರಟ್ಟಿನ ಧೂಳು, ಜೇಬಿನ ನೂಲು, ಟೇಪಿನ ಅಂಟು ಇವು ಮೂರೂ ಕೂಡಿ ಸ್ಪ್ರಿಂಗಿನ ಗೂಡಲ್ಲಿ ಕೂರುತ್ತವೆ. ಮೊದಮೊದಲು ಟಪ್ ಅನ್ನುತ್ತಿದ್ದದ್ದು ಆಮೇಲೆ ಸೋಮಾರಿಯಾಗಿ ತೆರೆಯುತ್ತದೆ. ಊದಿ, ಹಲ್ಲುಜ್ಜುವ ಹಳೇ ಬ್ರಷ್ ಆಡಿಸಿ, ತಿರುಗಣೆಗೆ ಒಂದೇ ತೊಟ್ಟು ಎಣ್ಣೆ ಬಿಡಿ. ಜಾಸ್ತಿ ಬಿಟ್ಟರೆ ಧೂಳಿಗೆ ಹಬ್ಬ. ಬಿಚ್ಚೋದಕ್ಕೆ ಮಾತ್ರ ಹೋಗಬೇಡಿ, ಎಳೆತದಲ್ಲಿರುವ ಕಡ್ಡಿ ಎತ್ತ ಹಾರುತ್ತದೋ ಹೇಳಲಾಗದು. ಸ್ಪ್ರಿಂಗ್ ಒಂದಲ್ಲ ಒಂದು ದಿನ ಮುರಿಯುವ ವಸ್ತು. ಬಿಡಿಭಾಗ ಕಳಿಸುವ ಕಂಪನಿಯದೇ ತಗೊಳ್ಳಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಬರೀ ಪೆಟ್ಟಿಗೆ ಬಿಚ್ಚೋದೇ ಕೆಲಸವಾದರೆ ಬ್ಲೇಡ್ ಬದಲಾಯಿಸುವ ಕಟರ್ ಇದಕ್ಕಿಂತ ಚೆನ್ನಾಗಿ ಕತ್ತರಿಸುತ್ತದೆ. ಮೊಂಡಾದರೆ ಬ್ಲೇಡ್ ಬಿಸಾಡಿ ಹೊಸದು ಹಾಕಿದರಾಯಿತು. ಸ್ಪ್ರಿಂಗೇ ಇಲ್ಲದೆ ಬೆರಳ ಚಿಟಿಕೆಗೆ ತೆರೆಯುವ ಒಳ್ಳೆಯ ಫ್ಲಿಪ್ಪರ್‌ಗಳೂ ಈಗ ಬೇಕಾದಷ್ಟಿವೆ. ಮುಚ್ಚುವಾಗ ಅವು ಜಗಳವಾಡುವುದಿಲ್ಲ. ನಾನು ಈಗ ಜೇಬಲ್ಲಿಟ್ಟುಕೊಳ್ಳುವುದು ಅಂಥದ್ದೇ. ಕಡ್ಡಿ ಮುರಿದಿದ್ದ ಹಳೇ ಚಾಕುವಿಗೆ ಹೊಸ ಕಡ್ಡಿ ತರಿಸಿ ಹಾಕಿಸಿದೆ, ಕೆಲಸದ ಪೆಟ್ಟಿಗೆಯಲ್ಲಿ ಇದೆ. ಆಗಾಗ ತೆಗೆದು ಎರಡು ಸಲ ಟಪ್ ಅನ್ನಿಸುತ್ತೇನೆ, ಆ ಸದ್ದಿಗೆ. ಆಮೇಲೆ ಬೆರಳು ಎಲ್ಲಿವೆ ನೋಡಿಕೊಂಡು ಎರಡೂ ಕೈಯಲ್ಲಿ ಮಡಚಿ ಇಡುತ್ತೇನೆ.