ಹಂಚಿಕೆಯ ಕ್ಯಾಲೆಂಡರ್: ಓದುವವರು ಹಲವರು, ಬರೆಯುವವರು ಒಬ್ಬರು

ಕಾಫಿ ತೋಟದ ಜೊತೆಗೆ ನಾಲ್ಕಾರು ಕೋಣೆಗಳ ಹೋಂಸ್ಟೇಯನ್ನೂ ನಡೆಸುವ ಕೊಡಗಿನ ಸಣ್ಣ ಕಚೇರಿಗಳಿಗೆ ಮುಕ್ತ ತಂತ್ರಾಂಶದ ಕ್ಯಾಲೆಂಡರ್ ಅಳವಡಿಸಲು ಹೋದಾಗ ನಾನು ಮೊದಲು ವಿಚಾರಿಸುವುದು ಸರ್ವರ್ ಬಗ್ಗೆ ಅಲ್ಲ, ಬುಕಿಂಗ್ ಬರೆಯುವವರು ಯಾರು ಎಂಬುದನ್ನು.

ಸರ್ವರ್ ಆಯ್ಕೆ ಸುಲಭ. ಐದಾರು ಮಂದಿಗೆ ರಾಡಿಕೇಲ್ ಎಂಬ ಪುಟ್ಟ ಕ್ಯಾಲೆಂಡರ್ ಸರ್ವರ್ ತಂತ್ರಾಂಶ ಸಾಕು. ಅದು ಪ್ರತಿ ನಮೂದನ್ನೂ ಸಾಧಾರಣ ಕಡತವಾಗಿಯೇ ಇಡುವುದರಿಂದ ಒಂದು ಫೋಲ್ಡರನ್ನು ನಕಲಿಸಿಟ್ಟರೆ ಬ್ಯಾಕಪ್ ಆದಂತೆ. ಅನುಮತಿಗಳನ್ನು ಪರದೆಯ ಮೇಲೆಯೇ ಹೊಂದಿಸಬೇಕೆನ್ನುವವರಿಗೆ, ಕಡತ ಹಂಚಿಕೆಯೂ ಇರುವ ನೆಕ್ಸ್ಟ್‌ಕ್ಲೌಡ್ ಎಂಬ ಸರ್ವರ್ ತಂತ್ರಾಂಶ ಅನುಕೂಲ. ಎರಡೂ ಸರ್ವರ್ ಮತ್ತು ಸಾಧನಗಳ ನಡುವೆ ಕ್ಯಾಲೆಂಡರ್ ಹಂಚಿಕೊಳ್ಳುವ ಕ್ರಮವನ್ನು ಹೇಳುವ, 2007ರಲ್ಲಿ ಪ್ರಕಟವಾದ ಕ್ಯಾಲ್‌ಡಾವ್ ಮಾನಕವನ್ನು ಪಾಲಿಸುತ್ತವೆ. ಕಂಪ್ಯೂಟರಿನ ಇಮೇಲ್ ತಂತ್ರಾಂಶ ಥಂಡರ್‌ಬರ್ಡ್ ಮತ್ತು ಐಫೋನ್ ನೇರವಾಗಿ ಜೋಡಣೆಯಾಗುತ್ತವೆ; ಆಂಡ್ರಾಯ್ಡ್ ಫೋನಿಗೆ ಡಾವ್‌ಎಕ್ಸ್5 ಎಂಬ ಸಿಂಕ್ ಆ್ಯಪ್ ಹಾಕಿಕೊಳ್ಳಬೇಕು.

ತೊಡಕು ಇರುವುದು ಮಳೆಗಾಲದಲ್ಲಿ. ಕರೆಂಟ್ ಹೋಗಿ ನೆಟ್‌ವರ್ಕ್ ಕಡಿದಾಗಲೂ ಹಿಂದಿನ ಸಿಂಕ್‌ನಲ್ಲಿ (ಸರ್ವರ್‌ ಜೊತೆ ಹೊಂದಿಸಿಕೊಂಡಾಗ) ಬಂದ ನಕಲು ಫೋನಿನಲ್ಲಿ ಉಳಿದಿರುವುದರಿಂದ ಓದುವುದಕ್ಕೆ ಅಡ್ಡಿಯಿಲ್ಲ. ಆದರೆ ಅದೇ ಹೊತ್ತಿನಲ್ಲಿ ತೋಟದ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಒಂದು ಕೋಣೆಯನ್ನು ಒಬ್ಬ ಅತಿಥಿಗೂ, ಮನೆಯವರು ಅದೇ ಕೋಣೆಯನ್ನು ಇನ್ನೊಬ್ಬರಿಗೂ ಬರೆದಿಟ್ಟರೆ, ನೆಟ್‌ವರ್ಕ್ ಬಂದೊಡನೆ ಎರಡೂ ಸರ್ವರಿಗೆ ತಲುಪುತ್ತವೆ. ಒಂದೇ ನಮೂದನ್ನು ಇಬ್ಬರು ತಿದ್ದಿದಾಗ ಏಳುವ ಘರ್ಷಣೆಯನ್ನು ಸರ್ವರ್ ಗುರುತಿಸಬಲ್ಲದು; ಒಂದೇ ದಿನಕ್ಕೆ ಬಂದ ಎರಡು ಬೇರೆ ನಮೂದುಗಳು ಅದರ ಪಾಲಿಗೆ ತಪ್ಪೇ ಅಲ್ಲ. ಆದ್ದರಿಂದ ಪ್ರತಿ ಕೋಣೆಗೂ ಜೀಪಿಗೂ ಪ್ರತ್ಯೇಕ ಕ್ಯಾಲೆಂಡರ್ ತೆರೆದು, ಬರೆಯುವ ಅನುಮತಿಯನ್ನು ಒಬ್ಬರಿಗೆ ಮಾತ್ರ ಕೊಟ್ಟು, ಉಳಿದವರಿಗೆ ಓದುವ ಅನುಮತಿಯನ್ನಷ್ಟೇ ಇಡುವುದು ಕ್ಷೇಮ. ಮನೆಯ ಹಿರಿಯರಿಗೆ ಇದು ಮೊದಮೊದಲು ಅಷ್ಟಾಗಿ ರುಚಿಸುವುದಿಲ್ಲ. ಆದರೂ ಈ ವಿಷಯದಲ್ಲಿ ನಾನು ದಾಕ್ಷಿಣ್ಯಕ್ಕೆ ಬೀಳುವುದಿಲ್ಲ.

ಸರ್ವರನ್ನು ಹೊರಗಿನಿಂದ ತಲುಪುವಂತೆ ಇಡುವುದಾದರೆ ಎಚ್‌ಟಿಟಿಪಿಎಸ್ (ಗೂಢಲಿಪೀಕರಿಸಿದ ಸಂಪರ್ಕ) ಕಡ್ಡಾಯ. ನೆಕ್ಸ್ಟ್‌ಕ್ಲೌಡ್‌ನಲ್ಲಿ ಪ್ರತಿ ಫೋನಿಗೂ ಬೇರೆ ಆ್ಯಪ್ ಪಾಸ್‌ವರ್ಡ್ (ಮುಖ್ಯ ಪಾಸ್‌ವರ್ಡ್ ಬದಲು ಆ ಸಾಧನಕ್ಕಷ್ಟೇ ಮೀಸಲಾದ ಗುಪ್ತಪದ) ಕೊಟ್ಟಿದ್ದರೆ, ಫೋನ್ ಕಳೆದುಹೋದ ದಿನ ಅದೊಂದನ್ನೇ ರದ್ದುಪಡಿಸಬಹುದು.

ರಜೆಗಳಿಗೂ ಒಂದು ಕ್ಯಾಲೆಂಡರ್ ಇರಲಿ. ಸೆಪ್ಟೆಂಬರ್ 3ರ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಮುಹೂರ್ತವನ್ನು ವಾರ್ಷಿಕ ಪುನರಾವರ್ತನೆಯಾಗಿ ಒಮ್ಮೆ ಹಾಕಿದರೆ ಸಾಕು. ಸುಗ್ಗಿಯ ಹಬ್ಬವಾದ ಹುತ್ತರಿಗೆ ಈ ಕ್ರಮ ಹೊಂದುವುದಿಲ್ಲ, ಏಕೆಂದರೆ ಅದರ ದಿನ ಮತ್ತು ಮುಹೂರ್ತ ಪ್ರತಿ ವರ್ಷ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ನಿಶ್ಚಯವಾಗುತ್ತದೆ. ಅದನ್ನು ಆಯಾ ವರ್ಷ ಕೈಯಾರೆ ಬರೆಯಬೇಕು. ಹಬ್ಬದ ದಿನ ಕೆಲಸಕ್ಕೆ ಜನ ಸಿಗುವುದು ಕಷ್ಟವಾದ್ದರಿಂದ, ದಿನ ಗೊತ್ತಾಗುವವರೆಗೆ ಆ ಆಸುಪಾಸಿನ ಬುಕಿಂಗ್‌ಗಳನ್ನು ತಾತ್ಕಾಲಿಕ ಎಂದೇ ಗುರುತಿಸಿಡುವುದು ಒಳಿತು.