ಒಂದೇ ಬಾಗಿಲಿಗೆ ಎಷ್ಟು ಪ್ರಶ್ನಾವಳಿ?

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹಳ್ಳಿಗಳಲ್ಲಿ ಫಾರಂ ಹಿಡಿದು ಯಾರೇ ಬರಲಿ, ಮೊದಲು ಕೇಳಿಬರುವ ಮಾತು: "ಇದ್ಯಾವ ಗಣತಿ? ಮೊನ್ನೆ ತಾನೇ ಬರ್ಕೊಂಡು ಹೋದರಲ್ಲ!" ಬಂದವರು ಎಂ.ಎ. ವಿದ್ಯಾರ್ಥಿಯೋ, ಆಶಾ ಕಾರ್ಯಕರ್ತೆಯೋ, ಸ್ವಯಂಸೇವಾ ಸಂಸ್ಥೆಯವರೋ, ಗಣತಿಗೆ ಹಾಕಿದ ಮೇಷ್ಟ್ರೋ, ಮನೆಯವರಿಗೆ ಎಲ್ಲರೂ ಒಂದೇ. ಜನ ಸರಿಯಾಗಿ ಉತ್ತರ ಕೊಡುವುದಿಲ್ಲ ಎಂದು ಸಂಶೋಧಕರ ದೂರು. ಇಷ್ಟು ಸಲ ಉತ್ತರ ಕೊಟ್ಟು ಬಂದದ್ದೇನು ಎಂದು ಊರವರ ದೂರು. ಎರಡಕ್ಕೂ ಹಳೆಯ ಬೇರುಗಳಿವೆ.

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಲು ಹೊರಟ. ಬೆಳೆ, ದನಕರು, ನೇಯ್ಗೆ, ಕಂದಾಯ ಎಂದು ಏನೇನು ವಿಚಾರಿಸಬೇಕೆಂಬ ಪಟ್ಟಿಯನ್ನು ಗವರ್ನರ್ ಜನರಲ್ ವೆಲ್ಲೆಸ್ಲಿಯೇ ಕೊಟ್ಟಿದ್ದ. ಕೋಲಾರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಮಧುಗಿರಿ, ಶಿರಾಗಳನ್ನು ದುಭಾಷಿಗಳ ಜೊತೆ ಹಾದುಹೋದ ಅವನಿಗೆ, ಸಿಕ್ಕ ಉತ್ತರಗಳ ಮೇಲೆ ಹಲವು ಕಡೆ ಅನುಮಾನವಿತ್ತು. ಕೇಳುವವನು ಆಳುವವರ ಕಡೆಯವನಾದರೆ ಒಕ್ಕಲಿನವನು ಫಸಲನ್ನು ಪೂರ್ತಿ ಹೇಳುತ್ತಾನೆಯೇ? ಆಮೇಲೆ 1871ರ ಜನಗಣತಿ, 20ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಅಧಿಕಾರಿ ಎಚ್.ವಿ. ನಂಜುಂಡಯ್ಯನವರ ಜನಾಂಗೀಯ ಸಮೀಕ್ಷೆ, 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ. ಕೇಳುವವರು ಬದಲಾದರು, ಆ ಅನುಮಾನ ಉಳಿಯಿತು.

ಪ್ರಶ್ನೆಗಳ ಮಳೆ ಶುರುವಾದದ್ದು ಕಳೆದ ಇಪ್ಪತ್ತು–ಇಪ್ಪತ್ತೈದು ವರ್ಷಗಳಲ್ಲಿ. 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಬಂತು, ಮುಂದೆ ಕೋಲಾರಕ್ಕೂ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂತು. ಸಮಾಜಶಾಸ್ತ್ರ, ವಾಣಿಜ್ಯ, ಸಮಾಜಕಾರ್ಯ, ನರ್ಸಿಂಗ್, ಎಲ್ಲ ಕಡೆ ಪ್ರಾಜೆಕ್ಟ್ ಕಡ್ಡಾಯವಾಯಿತು. ಹಳ್ಳಿಯ ಮಕ್ಕಳು ಸಂಶೋಧನೆಯ ಹೊಸ್ತಿಲು ತುಳಿದದ್ದು ದೊಡ್ಡ ಸಂಗತಿ, ಅದನ್ನು ಯಾರೂ ಹಗುರವಾಗಿ ನೋಡಬಾರದು. ಆದರೆ ಅವರ ಕೈಗೆ ಸಿಕ್ಕ ಪ್ರಶ್ನಾವಳಿ ಬಹುಪಾಲು ಬೇರೆಲ್ಲೋ ತಯಾರಾದದ್ದು, ಹಿಂದಿನ ಬ್ಯಾಚಿನ ಪ್ರಬಂಧದಿಂದ ಜೆರಾಕ್ಸ್ ಆಗಿ ಬಂದದ್ದು. ಉತ್ತರಿಸುವವರೇ ಓದಿ ತುಂಬಬೇಕಾದದ್ದು ಪ್ರಶ್ನಾವಳಿ, ಕೇಳುವವರು ಕೇಳಿ ಬರೆದುಕೊಳ್ಳಬೇಕಾದದ್ದು ಅನುಸೂಚಿ ಎಂದು ತರಗತಿಯಲ್ಲಿ ಪಾಠವಾಗುತ್ತದೆ. ಊರಿಗೆ ಬಂದಾಗ ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸುತ್ತಾರೆ.

ಫಾರಮ್ಮಿನಲ್ಲಿ ಒಂದು ಸಾಲು ಸದಾ ಇರುತ್ತದೆ: "ಕುಟುಂಬದ ವಾರ್ಷಿಕ ಆದಾಯ." ಟೊಮೆಟೊ ಬೆಳೆಯುವವರ ಮನೆಯಲ್ಲಿ ಇದನ್ನು ಕೇಳಿ ನೋಡಿ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಕೊಯ್ದ ಕೂಲಿಯೂ ಗಿಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದ ವರ್ಷಗಳೂ ಇವೆ. ಬೋರು ಕೊರೆಸಿದ ಸಾಲ, ಮಂಡಿಯಿಂದ ತಂದ ಮುಂಗಡ, ಹಾಲಿನ ಡೇರಿಯ ಬಟವಾಡೆ ಎಲ್ಲ ಸೇರಿ ಆ ಮನೆಯ ಲೆಕ್ಕ. ಅದು ಒಂದು ಅಂಕಿಯಲ್ಲಿ ಕೂರುವುದಿಲ್ಲ. ಇನ್ನೊಂದು ಹೆದರಿಕೆಯೂ ಇದೆ: 1.20 ಲಕ್ಷ ದಾಟಿತೆಂದರೆ ಬಿಪಿಎಲ್ ಕಾರ್ಡಿಗೆ ಸಂಚಕಾರ. ಹಾಗಾಗಿ ಯಾರು ಕೇಳಿದರೂ ಬರುವ ಉತ್ತರ ಅದರೊಳಗೇ ಇರುತ್ತದೆ. ಇದನ್ನು ಸುಳ್ಳು ಎಂದು ಕರೆಯಲು ನನಗೆ ಮನಸ್ಸಿಲ್ಲ. ಫಾರಂ ಕಾಲೇಜಿನದೋ ತಾಲ್ಲೂಕು ಕಚೇರಿಯದೋ ಎಂದು ತಿಳಿಯುವ ದಾರಿಯನ್ನೇ ನಾವು ಕೊಟ್ಟಿಲ್ಲವಲ್ಲ.

"ಸಂಪೂರ್ಣ ಒಪ್ಪುತ್ತೇನೆ"ಯಿಂದ "ಸಂಪೂರ್ಣ ಒಪ್ಪುವುದಿಲ್ಲ"ದವರೆಗಿನ ಐದು ಚೌಕಗಳ ಅಳತೆಯ ಕಥೆಯೂ ಇದೇ. 1932ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲೈಕರ್ಟ್ ರೂಪಿಸಿದ ಈ ಅಳತೆ ಓದಿ ಗುರುತು ಹಾಕುವವರಿಗೆ ಒಗ್ಗುತ್ತದೆ. ಬಾಗೇಪಲ್ಲಿ ಕಡೆಯ ಜಗಲಿಯಲ್ಲಿ, ಮನೆಮಾತು ತೆಲುಗಾಗಿರುವ ಅಜ್ಜಿಯ ಮುಂದೆ, ಅಕ್ಕಪಕ್ಕದವರೆಲ್ಲ ಸುತ್ತ ನಿಂತಿರುವಾಗ ಓದಿ ಹೇಳಿದರೆ "ಹೂಂ, ಹಂಗೇ ಬರ್ಕೊಳಪ್ಪ" ಎನ್ನುವುದು ಸಹಜ. ಅದು ಮೊದಲನೇ ಚೌಕವೋ ಎರಡನೆಯದೋ ಎಂದು ತೀರ್ಮಾನಿಸಿದವರು ಕೇಳಿದವರೇ ಹೊರತು ಅಜ್ಜಿಯಲ್ಲ. ಅದೇ ಕೋಲಾರದ ಕಡೆ, ಬೋರ್‌ವೆಲ್ ಬತ್ತಿದ್ದು ಯಾವಾಗ ಎಂದು ಇಸವಿ ಕೇಳುವ ಬದಲು, "ಕೆ.ಸಿ. ವ್ಯಾಲಿ ನೀರು ಕೆರೆಗೆ ಬರೋಕ್ಕೆ ಮುಂಚೆನೋ ಆಮೇಲೋ?" ಎಂದು ಕೇಳಿದರೆ ಖಚಿತ ಉತ್ತರ ಸಿಗುತ್ತದೆ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೆರೆಗಳಿಗೆ ಹರಿಸುವ ಆ ನೀರು ಬಂದದ್ದು 2018ರಲ್ಲಿ, ಊರಿನ ಯಾರೂ ಅದನ್ನು ಮರೆತಿಲ್ಲ. ಇಂಥ ಪ್ರಶ್ನೆ ಹೊಳೆಯಬೇಕಾದರೆ ಫಾರಂ ಅಚ್ಚಾಗುವ ಮೊದಲು ಹತ್ತು ಮನೆಯಲ್ಲಾದರೂ ಕೂತು ಮಾತಾಡಿರಬೇಕು.

ಕೋವಿಡ್ ನಂತರ ಗೂಗಲ್ ಫಾರಂ ಬಂತು. ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿದರೆ ರಾತ್ರಿ ಬೆಳಗಾಗುವುದರೊಳಗೆ ನೂರು ಉತ್ತರ, ಬಹುಪಾಲು ಸಹಪಾಠಿಗಳದು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆಯ ಚುನಾವಣಾ ಸಮೀಕ್ಷೆಗೆ 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದಿದ್ದವು. ಆದರೂ ಅಧ್ಯಕ್ಷರ ಚುನಾವಣೆಯಲ್ಲಿ ಗೆಲ್ಲುವವರು ಯಾರೆಂಬ ಅದರ ಲೆಕ್ಕ ತಲೆಕೆಳಗಾಯಿತು. ಯಾರನ್ನು ಕೇಳಿದೆವು, ಯಾರು ಉತ್ತರಿಸದೆ ಬಿಟ್ಟರು ಎಂಬುದನ್ನು ಸಂಖ್ಯೆ ಸರಿಪಡಿಸದು.

2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆ ನಡೆಯಿತು. 60 ಪ್ರಶ್ನೆ, ಮೊಬೈಲ್ ಆ್ಯಪ್, ಮನೆಮನೆಗೆ ಮೇಷ್ಟ್ರು. ಮಾಹಿತಿ ಕೊಡುವುದು ಸ್ವಇಚ್ಛೆಯದು ಎಂದು ಹೈಕೋರ್ಟ್ ಹೇಳಿದ್ದು ಆಗಲೇ. 2027ರ ಜನಗಣತಿಯ ಸರದಿ ಅದರ ಬೆನ್ನಿಗೇ.

ಸಂಶೋಧನೆಗೆ ಬೇರೆ ಕಟ್ಟಳೆ ಇದೆ. ಆರೋಗ್ಯ ಸಂಶೋಧನೆಯಲ್ಲಿ ತಿಳಿಸಿ ಹೇಳಿ ಒಪ್ಪಿಗೆ ಪಡೆಯಬೇಕು, ಓದು ಬಾರದವರಿದ್ದರೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಇರಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ. ಆದರೆ ಜಮೀನಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಮೋಸಹೋದವರ ಕಥೆ ಕೇಳಿ ಬೆಳೆದ ಊರಲ್ಲಿ ಒಪ್ಪಿಗೆ ಪತ್ರವೇ ಮೊದಲ ಭಯ. ಇನ್ನು ಸಾಕ್ಷಿಗೆಂದು ಕರೆಯುವುದು ಸಾಮಾನ್ಯವಾಗಿ ಆಶಾ ಇಲ್ಲವೇ ಅಂಗನವಾಡಿ ಕಾರ್ಯಕರ್ತೆಯನ್ನು. ನಾಳೆ ಇನ್ನೊಂದು ಫಾರಂ ಹಿಡಿದು ಅದೇ ಮನೆಗೆ ಬರಬೇಕಾದವರು ಅವರೇ. ಅವರ ಎದುರು ಅಜ್ಜಿ "ಬೇಡಪ್ಪ, ನಾನು ಹೇಳಲ್ಲ" ಎನ್ನಬಲ್ಲಳೇ ಎಂಬ ಪ್ರಶ್ನೆ ಯಾವ ಪ್ರಶ್ನಾವಳಿಯಲ್ಲೂ ಇಲ್ಲ.